ಉಕ್ಕನ್ನು ಕೊಯ್ಯುವ ಮೇಜು

ಕಬ್ಬಿಣದ ಚೌಕಟ್ಟು, ಹಳಿಗಳು, ಮೂರು ನಾಲ್ಕು ಮೋಟಾರು, ಅವನ್ನು ನಡೆಸಲೊಂದು ಗಣಕಯಂತ್ರ: ಇಷ್ಟನ್ನು ಜೋಡಿಸಿ ಸಿ.ಎನ್.ಸಿ. ಪ್ಲಾಸ್ಮಾ ಮೇಜನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವ ಹವ್ಯಾಸಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ. ಇಲ್ಲಿ ಉಕ್ಕನ್ನು ಕೊಯ್ಯುವುದು ಅಲಗಲ್ಲ. ಕಿರಿದಾದ ರಂಧ್ರದಿಂದ ಹೊಮ್ಮುವ, ಸುಮಾರು 20,000 ಡಿಗ್ರಿ ಸೆಂಟಿಗ್ರೇಡಿನವರೆಗೂ ಕಾಯುವ ವಿದ್ಯುಜ್ಜ್ವಾಲೆ. ಅಮೆರಿಕದ ರಾಬರ್ಟ್ ಗೇಜ್ ಇದಕ್ಕೆ 1957ರಲ್ಲಿ ಪೇಟೆಂಟು ಪಡೆದರು.

ಕಣ್ಣು ಕುಕ್ಕುವ ಆ ಬೆಳಕಿಗೆ ಎಲ್ಲರೂ ಅಂಜಿ ಕಪ್ಪು ಕನ್ನಡಕ ಧರಿಸುತ್ತಾರೆ. ನೀರಿಗೆ ಅಂಜುವವರು ವಿರಳ. ಹೊಗೆಯನ್ನೂ ಕಿಡಿಗಳನ್ನೂ ಅಡಗಿಸಲು ತಗಡಿನಡಿ ನೀರಿನ ತೊಟ್ಟಿಯನ್ನಿಡುವುದುಂಟು. ಉಕ್ಕಿಗೆ ಇದು ಒಳ್ಳೆಯ ಉಪಾಯವೇ. ಆದರೆ ಅಲ್ಯೂಮಿನಿಯಂ ಕೊಯ್ದಾಗ ಕರಗಿ ಬಿದ್ದ ಕಣಗಳು ನೀರಿನಿಂದ ಜಲಜನಕವನ್ನು ಬಿಡಿಸುತ್ತವೆ. ಯಂತ್ರ ನಿಂತರೂ ಗುಳ್ಳೆಗಳು ನಿಲ್ಲವು. ಮೇಜಿನ ಮೇಲೆ ಬಿಟ್ಟ ತಗಡಿನಡಿ ಅನಿಲವು ಇರುಳೆಲ್ಲ ಸದ್ದಿಲ್ಲದೆ ಕೂಡುತ್ತದೆ. ಮರುದಿನದ ಮೊದಲ ಕಿಡಿಗೆ ಅದು ಸಿಡಿಯಬಹುದು!

ಬಲ್ಲವರು ಕೆಲಸ ಮುಗಿದೊಡನೆ ತಗಡನ್ನು ಎತ್ತಿಡುತ್ತಾರೆ; ತೊಟ್ಟಿಯ ತಳದಲ್ಲಿ ಕೂಡಿದ ಕಿಟ್ಟವನ್ನು ಆಗಾಗ ತೆಗೆಯುತ್ತಾರೆ; ತೂತುಗಳುಳ್ಳ ಕೊಳವೆಯಿಂದ ನೀರಿನೊಳಗೆ ಗಾಳಿಯನ್ನು ಹಾಯಿಸಿ ಜಲಜನಕವನ್ನು ಚದರಿಸುತ್ತಾರೆ. ಇನ್ನು ಕೆಲವರು ಅಲ್ಯೂಮಿನಿಯಂ ಬಂದರೆ ತೊಟ್ಟಿಯ ನೀರನ್ನೇ ಬಸಿದುಬಿಡುತ್ತಾರೆ.