ಆ ಸಾಲಿನ ಮುಂದೆ ಯಾರ ಹೆಸರಿತ್ತು?

ಕಾಕಾ ಒಂದು ಕೈಯಲ್ಲಿ ಕಾಟಾ ಚೀಟಿ, ಇನ್ನೊಂದು ಕೈಯಲ್ಲಿ ನನ್ನ ಮೊಬೈಲ್ ಹಿಡಿದು ಎರಡನ್ನೂ ಹೋಲಿಸಿ ನೋಡಿದರು. ‘ಏ ತಮ್ಮಾ, ಚೀಟ್ಯಾಗ ಹದಿನಾಲ್ಕು ಟನ್ ಏಳ್ನೂರಾ ಎಂಬತ್ತು ಕಿಲೋ ಐತಿ. ನಿನ್ನ ಆ್ಯಪ್ ಹದಿನಾಲ್ಕ ಟನ್ನಿನ ರೊಕ್ಕ ಅಷ್ಟ ತೋರಸಾಕತ್ತೈತಿ. ಉಳಿದ ಕಬ್ಬ ಯಾರ್ ತಿಂದ್ರು?’ ಎಂದರು.

ನನ್ನ ಬಾಯಿ ಕಟ್ಟಿಹೋಯಿತು. ಕಬ್ಬಿನ ಬಿಲ್ ಲೆಕ್ಕ ಹಾಕುವ ಆ ಆ್ಯಪ್ ನಮ್ಮ ಬಿಇ ಮಿನಿ ಪ್ರಾಜೆಕ್ಟ್. ನಾನು ಗೋಕಾಕದವನು, ಗೆಳೆಯ ಮೂಡಲಗಿಯವನು, ಗೆಳತಿ ಹುಕ್ಕೇರಿಯವಳು. ಮೂವರ ಮನೆಯಲ್ಲೂ ಕಬ್ಬು ಇದೆ, ಅದಕ್ಕೇ ಈ ವಿಷಯ ಆರಿಸಿಕೊಂಡಿದ್ದೆವು. ಟನ್ನಿಗೆ ಮೂರು ಸಾವಿರ ರೂಪಾಯಿ ಎಂದು ಹಿಡಿದರೂ 780 ಕಿಲೋಗೆ 2,340 ರೂಪಾಯಿ. ಒಂದೇ ಗಾಡಿಗೆ ಇಷ್ಟು ತಪ್ಪುವ ಆ್ಯಪನ್ನು ಯಾವ ರೈತ ನಂಬುತ್ತಾನೆ? ಪ್ರಾಜೆಕ್ಟ್ ತೋರಿಸಲು ಉಳಿದಿದ್ದು ನಾಲ್ಕೇ ದಿನ.

ನಾವು ಮೂವರೂ ಬೇರೆ ಬೇರೆ ಊರಲ್ಲಿ ಕುಳಿತು ಒಂದೇ ಕೋಡ್ ಬರೆಯಲು ಗಿಟ್ ಬಳಸುತ್ತಿದ್ದೆವು. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆಯಲು ಶುರು ಮಾಡಿದರು. ಅದುವರೆಗೆ ಲಿನಕ್ಸ್ ಕೆಲಸಕ್ಕೆ ಉಚಿತವಾಗಿ ಸಿಗುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಸೌಲಭ್ಯ ನಿಂತದ್ದೇ ಅದಕ್ಕೆ ಕಾರಣ. ಗಿಟ್‌ನಲ್ಲಿ ಪ್ರತಿ ಸಲ ಕೆಲಸವನ್ನು ದಾಖಲಿಸುವುದಕ್ಕೆ ಕಮಿಟ್ ಎನ್ನುತ್ತಾರೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅದರಲ್ಲಿ ಉಳಿಯುತ್ತದೆ. ಏಕೆ ಬದಲಿಸಿದರು ಎಂಬುದನ್ನು ಮಾತ್ರ ನಾವೇ ಬರೆಯಬೇಕು.

ಅಂದು ರಾತ್ರಿ ಲ್ಯಾಪ್‌ಟಾಪ್ ತೆರೆದು ಟನ್ ಲೆಕ್ಕ ಹಾಕುವ ಸಾಲನ್ನು ಹುಡುಕಿದೆ. ತಪ್ಪು ಅಲ್ಲೇ ಇತ್ತು. ಕಿಲೋವನ್ನು 1000.0ದಿಂದ ಭಾಗಿಸುವ ಬದಲು ಬರೀ 1000ದಿಂದ ಭಾಗಿಸಲಾಗಿತ್ತು. ಜಾವಾದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಉದುರಿಹೋಗುತ್ತದೆ. 14780 ಭಾಗಿಸು 1000 ಎಂದರೆ ಅದಕ್ಕೆ 14 ಅಷ್ಟೇ. ಒಂದು ಚುಕ್ಕೆ, ಒಂದು ಸೊನ್ನೆ ಕಾಕಾನ ಕಬ್ಬನ್ನು ತಿಂದಿದ್ದವು.

ಯಾರು ತೆಗೆದರು ಇದನ್ನು? ‘ಗಿಟ್ ಬ್ಲೇಮ್’ ಆಜ್ಞೆ ಕೊಟ್ಟೆ. ಕಡತದ ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರನ್ನು ಅದು ತೋರಿಸುತ್ತದೆ. ಆ ಸಾಲಿನ ಮುಂದೆ ಮೂಡಲಗಿಯ ಗೆಳೆಯನ ಹೆಸರಿತ್ತು. ಹಿಂದೆ ಮುಂದೆ ನೋಡದೆ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ‘ನೋಡಿ ಕೆಲಸ ಮಾಡಾಕ ಬರೂದಿಲ್ಲೇನು?’ ಎಂದೂ ಬರೆದೆ. ‘ನಾ ಸಾಲು ಸರಿಯಾಗಿ ಜೋಡಿಸೀನಿ ಅಷ್ಟ, ಲೆಕ್ಕ ಮುಟ್ಟಿಲ್ಲೋ’ ಎಂದು ಅವನು ಉತ್ತರಿಸಿದ. ‘ನಿನ್ನ ಹೆಸರ ಐತಲ್ಲ’ ಎಂದೆ. ಆಮೇಲೆ ಅವನು ಏನೂ ಬರೆಯಲಿಲ್ಲ.

ಅರ್ಧ ಗಂಟೆಯ ನಂತರ ಹುಕ್ಕೇರಿಯ ಗೆಳತಿ ಫೋನ್ ಮಾಡಿದಳು. ‘ಪೂರ್ತಿ ಇತಿಹಾಸ ನೋಡೀಯೇನು, ಕೊನೇ ಹೆಸರು ಅಷ್ಟ ನೋಡೀಯೋ?’

ನಿಜ ಹೇಳಬೇಕೆಂದರೆ ನನಗೆ ಪೂರ್ತಿ ಇತಿಹಾಸ ನೋಡುವುದು ಹೇಗೆಂದೇ ಸರಿಯಾಗಿ ಗೊತ್ತಿರಲಿಲ್ಲ. ಬರೀ ‘ಗಿಟ್ ಲಾಗ್’ ಎಂದರೆ ನಾವು ನಿಂತಿರುವ ಕಮಿಟ್‌ನಿಂದ ಹಿಂದಕ್ಕೆ ಹೋಗುವ ಇತಿಹಾಸ ಮಾತ್ರ ಕಾಣುತ್ತದೆ. ಅದರ ಜೊತೆಗೆ ಒನ್‌ಲೈನ್, ಗ್ರಾಫ್, ಆಲ್ ಎಂಬ ಮೂರು ಪದಗಳನ್ನು, ಪ್ರತಿಯೊಂದರ ಹಿಂದೆ ಎರಡೆರಡು ಅಡ್ಡಗೆರೆ ಹಾಕಿ ಸೇರಿಸಿದರೆ ಎಲ್ಲ ಬ್ರ್ಯಾಂಚ್‌ಗಳೂ ಗೆರೆಗಳಾಗಿ ಬಿಚ್ಚಿಕೊಳ್ಳುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಹೊಳೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯ ನದಿ ಬಂದು ಘಟಪ್ರಭೆಯನ್ನು ಸೇರುತ್ತದೆ. ಆ ಸಂಗಮದಲ್ಲಿ ನಿಂತು ನೀರು ಬಂದ ದಿಕ್ಕಿಗೆ ನಡೆದರೆ ಎರಡು ದಾರಿ. ಒಂದು ಗೋಕಾಕ ಜಲಪಾತ ದಾಟಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಒಯ್ಯುತ್ತದೆ. ಇನ್ನೊಂದು ಗೊಡಚಿನಮಲ್ಕಿ ಜಲಪಾತದ ಕಡೆಗೆ. ಗಿಟ್‌ನಲ್ಲಿ ಎರಡು ಬ್ರ್ಯಾಂಚ್ ಕೂಡುವ ಮರ್ಜ್ ಕಮಿಟ್ ಅಂಥದೇ ಸಂಗಮ. ಪ್ರತಿ ಕಮಿಟ್‌ಗೂ ತಾನು ಎಲ್ಲಿಂದ ಬಂದೆ ಎಂಬುದು ಗೊತ್ತು, ಆದ್ದರಿಂದ ಇತಿಹಾಸ ನೋಡುವುದೆಂದರೆ ಹೊಳೆಗೆ ಎದುರಾಗಿ ನಡೆಯುವುದು. ನೀರು ಎಲ್ಲಿ ರಾಡಿಯಾಯಿತು ಎಂದು ತಿಳಿಯಬೇಕಾದರೆ ಸಂಗಮದಲ್ಲಿ ನಿಂತು ಬೈದರೆ ಆಗದು, ಎರಡೂ ದಂಡೆ ಹಿಡಿದು ಹೋಗಬೇಕು.

‘ಬ್ಲೇಮ್ ಮುಂದ ಒಂದು ಅಡ್ಡಗೆರೆ ಹಾಕಿ ಡಬ್ಲ್ಯೂ ಅಂತ ಬರಿ’ ಎಂದಳು ಗೆಳತಿ. ಹಾಗೆ ಬರೆದರೆ ಖಾಲಿ ಜಾಗದ ಬದಲಾವಣೆಗಳನ್ನು ಗಿಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೆದೆ. ಮೂಡಲಗಿಯವನ ಹೆಸರು ಮಾಯವಾಯಿತು. ಅದೇ ಸಾಲಿನ ಮುಂದೆ ನನ್ನ ಹೆಸರು ಬಂತು.

ಮೂರು ವಾರದ ಹಿಂದಿನ ಕಮಿಟ್ ಅದು. ನನ್ನದೇ ಬ್ರ್ಯಾಂಚ್‌ನಲ್ಲಿ ಹುಟ್ಟಿ, ಆಮೇಲೆ ಮುಖ್ಯ ಬ್ರ್ಯಾಂಚ್‌ಗೆ ಸೇರಿತ್ತು. ಸಮಯ ರಾತ್ರಿ ಒಂದೂಮುಕ್ಕಾಲು. ಸಂದೇಶದಲ್ಲಿ ನಾನು ಬರೆದದ್ದು ಒಂದೇ ಪದ: ‘ಅಪ್‌ಡೇಟ್’. ‘ಗಿಟ್ ಶೋ’ ಕೊಟ್ಟು ತೆರೆದರೆ ಹತ್ತಾರು ಬದಲಾವಣೆಗಳು ಒಂದೇ ಗಂಟಿನಲ್ಲಿದ್ದವು. ಆ ಚುಕ್ಕೆ ಸೊನ್ನೆಯನ್ನು ಏಕೆ ತೆಗೆದೆ? ಇಂದಿಗೂ ನೆನಪಿಲ್ಲ. ಸಂದೇಶವನ್ನು ನೆಟ್ಟಗೆ ಬರೆದಿದ್ದರೆ ಅದೇ ಹೇಳುತ್ತಿತ್ತು.

ಆ ಕ್ಷಣ ಮನಸ್ಸಿನಲ್ಲಿ ಒಂದು ಕೆಟ್ಟ ಯೋಚನೆಯೂ ಬಂತು. ಹಳೆಯ ಕಮಿಟ್ ತಿದ್ದಿ, ಇತಿಹಾಸವನ್ನೇ ಬದಲಿಸಿಬಿಡಬಹುದಲ್ಲ? ಗಿಟ್‌ನಲ್ಲಿ ಅದಕ್ಕೂ ದಾರಿ ಇದೆ. ಆದರೆ ಪ್ರತಿ ಕಮಿಟ್‌ಗೆ ಸಾಮಾನ್ಯವಾಗಿ 40 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಒಳಗಿನ ಕೋಡ್, ಬರೆದವರ ಹೆಸರು, ಸಮಯ, ಹಿಂದಿನ ಕಮಿಟ್ ಎಲ್ಲ ಸೇರಿ ಆ ಗುರುತು ಹುಟ್ಟುತ್ತದೆ. ಹಿಂದಿನದೊಂದನ್ನು ತಿದ್ದಿದರೆ ಅದರ ಮೇಲೆ ನಿಂತ ಎಲ್ಲವುಗಳ ಗುರುತೂ ಬದಲಾಗುತ್ತದೆ. ಹಳೆಯ ಇತಿಹಾಸದ ಪೂರ್ತಿ ಪ್ರತಿ ಇಬ್ಬರು ಗೆಳೆಯರ ಲ್ಯಾಪ್‌ಟಾಪ್‌ನಲ್ಲೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಗೆಳತಿ ಇನ್ನೂ ಫೋನಿನಲ್ಲೇ ಇದ್ದಳು. ‘ಸಿಕ್ತೇನು?’ ಎಂದಳು. ‘ಸಿಕ್ತು. ನಾನ’ ಎಂದೆ.

ಗುಂಪಿನಲ್ಲಿ ಬೈದಿದ್ದರಿಂದ ಕ್ಷಮೆಯನ್ನೂ ಗುಂಪಿನಲ್ಲೇ ಕೇಳಿದೆ, ನನ್ನ ಹೆಸರಿದ್ದ ಪರದೆಯ ಫೋಟೊ ಸಮೇತ. ಆ ಕಮಿಟನ್ನು ‘ರಿವರ್ಟ್’ ಮಾಡೋಣವೆಂದರೆ ಗಂಟಿನಲ್ಲಿದ್ದ ಒಳ್ಳೆಯ ಬದಲಾವಣೆಗಳೂ ಹೋಗುತ್ತಿದ್ದವು. ಹೀಗಾಗಿ ಆ ಒಂದು ಸಾಲನ್ನು ಮಾತ್ರ ತಿದ್ದಿ ಹೊಸ ಕಮಿಟ್ ಮಾಡಿದೆ. ಈ ಸಲ ಕನ್ನಡದಲ್ಲೇ ಬರೆದೆ: ‘ಟನ್ ಲೆಕ್ಕದಲ್ಲಿ ದಶಮಾಂಶ ಬಿಟ್ಟುಹೋಗುತ್ತಿತ್ತು, ಸರಿಪಡಿಸಿದೆ. ತಪ್ಪು ನನ್ನ ಹಿಂದಿನ ಕಮಿಟ್‌ನದು.’

ಕೆಲಸ ಹುಡುಕುವ ನಾವು ರೆಸ್ಯೂಮೆಯಲ್ಲಿ ‘ಗಿಟ್ ಬರುತ್ತದೆ’ ಎಂದು ಬರೆಯುತ್ತೇವೆ. ನಾಲ್ಕು ಆಜ್ಞೆ ಬಾಯಿಪಾಠ ಮಾಡಿದರೆ ಗಿಟ್ ಬಂದಂತೆ ಅಲ್ಲ ಎಂದು ನನಗೆ ತಿಳಿದದ್ದು ಅಂದು. ಸಣ್ಣ ಸಣ್ಣ ಕಮಿಟ್ ಮಾಡಿ, ಪ್ರತಿಯೊಂದಕ್ಕೂ ಕಾರಣ ಬರೆಯಿರಿ. ಕಾಲೇಜಿನ ಲ್ಯಾಬ್ ಕಂಪ್ಯೂಟರಿನಲ್ಲಿ ಕೂತರೆ ಮೊದಲು ಗಿಟ್‌ನಲ್ಲಿ ಯಾರ ಹೆಸರು ಹೊಂದಿಸಿದೆ ಎಂದು ನೋಡಿಕೊಳ್ಳಿ. ಇಲ್ಲವಾದರೆ ನಿಮ್ಮ ಕೆಲಸ ಬೇರೊಬ್ಬರ ಹೆಸರಿಗೆ, ನಿಮ್ಮ ತಪ್ಪು ಬೇರೊಬ್ಬರ ತಲೆಗೆ ಹೋಗುತ್ತದೆ. ಮತ್ತೆ ಯಾರದಾದರೂ ಹೆಸರು ಕಂಡ ಕೂಡಲೇ ಬೆರಳು ತೋರಿಸಬೇಡಿ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ.

ಮರುದಿನ ಕಾಕಾನಿಗೆ ಆ್ಯಪ್ ತೋರಿಸಿದೆ. ಚೀಟಿಗೂ ಪರದೆಗೂ ತಾಳೆಯಾಯಿತು. ‘ಹಾಂ, ಈಗ ಕಬ್ಬ ಬಂತು ನೋಡು’ ಎಂದರು. ಮೂಡಲಗಿಯವನು ಮಾತಾಡಲು ಎರಡು ದಿನ ತೆಗೆದುಕೊಂಡ. ಈಗ ನಾನು ಕಮಿಟ್ ಮಾಡಿದಾಗಲೆಲ್ಲ ಅವನಿಂದ ಒಂದು ಸಂದೇಶ ಬರುತ್ತದೆ: ‘ಚುಕ್ಕಿ ಐತಿಲ್ಲೋ?’