ವಂಶಾವಳಿಯಲ್ಲಿ ಅವ್ವ ಎಲ್ಲಿ?

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ಹೆಳವರು ಎತ್ತಿನೊಂದಿಗೆ ಬರುವುದುಂಟು. ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಇಂದಿನವರವರೆಗೆ ಹೆಸರುಗಳನ್ನು ಹೇಳುತ್ತಾರೆ. ಕಾಳು, ಬಟ್ಟೆ, ಹಣ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಯಾವ ಮನೆತನ ಯಾವ ಊರಿನಿಂದ ಬಂತು, ಅಣ್ಣ-ತಮ್ಮಂದಿರು ಎಲ್ಲೆಲ್ಲಿ ಕವಲೊಡೆದರು ಎಂಬುದೆಲ್ಲ ಅವರ ಹೊತ್ತಿಗೆಗಳಲ್ಲಿದೆ.

ಧಾರವಾಡದ ಹತ್ತಿರದ ನಮ್ಮೂರಿನಲ್ಲಿ ಹೆಳವರಿಂದ ನಾನೂ ನಮ್ಮ ಮನೆತನದ ಏಳು ತಲೆಮಾರು ಬರೆದುಕೊಂಡೆ. ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ವಂಶವೃಕ್ಷ ಬಿಡಿಸಿದೆ. ಅದನ್ನು ಎಂಬತ್ತೆರಡರ ಅವ್ವನ ಮುಂದೆ ಹರಡಿದರೆ, ಆಕೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

"ಸತ್ತವರ ಹೆಸರು ತಗೊಂಡು ಏನ್ ಮಾಡ್ತೀಯೋ?" ಎಂದಳು. ನಾನು ಬಿಡದೆ ಒತ್ತಾಯಿಸಿದಾಗ ಹಾಳೆಯ ಕಡೆ ಬೆರಳು ತೋರಿಸಿ, "ಇದರಾಗ ನಾ ಎಲ್ಲಿ ಅದೀನಿ? ನಮ್ಮವ್ವ ಎಲ್ಲಿ ಅದಾಳ?" ಎಂದು ಕೇಳಿದಳು. ನೋಡಿದೆ. ಏಳು ತಲೆಮಾರಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ.

ಹಾಳೆಯನ್ನು ಮಗ್ಗುಲಿಗಿಟ್ಟು, "ಹೋಗಲಿ, ನಿಮ್ಮ ಆಯಿ ಯಾವ ಊರಾಕಿ?" ಎಂದೆ. ಅವರೆಕಾಯಿ ಅಲ್ಲಿಗೇ ನಿಂತವು.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಅವ್ವನ ಆಯಿ ಮೂರು ವರ್ಷದ ಕೂಸು. ಮನೆಯಲ್ಲಿ ಇಲಿ ಸತ್ತು ಬಿದ್ದದ್ದು ಕಂಡೊಡನೆ ಆಕೆಯ ತಾಯಿ ಕೂಸನ್ನು ಬಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗಿ ಗುಡಿಸಲಲ್ಲಿ ಇದ್ದಳಂತೆ. ಊರು ಬಿಡಲು ಒಪ್ಪದ ಇಬ್ಬರು ಮೈದುನಂದಿರು ಉಳಿಯಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಅದೇ ವರ್ಷ. ಆ ತಾಯಿಗೆ ಚಿಗಟದ ಸಂಗತಿ ಗೊತ್ತಿರಲಿಲ್ಲ. ಇಲಿ ಸತ್ತರೆ ಮನೆ ಬಿಡಬೇಕೆಂಬುದು ಗೊತ್ತಿತ್ತು. ಆಕೆ ಹೊರಡದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

"ಆಕಿ ಹೆಸರೇನವ್ವ?" ಎಂದೆ. ಹೇಳಿದಳು. "ಆಕಿ ಅವ್ವನ ಹೆಸರು?" ಅವ್ವ ಬಹಳ ಹೊತ್ತು ಸುಮ್ಮನಿದ್ದಳು. "ಯಾರೂ ಹೇಳಲಿಲ್ಲೋ. ನಾನೂ ಕೇಳಲಿಲ್ಲ."

ವರ್ಷಗಟ್ಟಲೆ ಜೀವಕೋಶದ ಪಾಠ ಮಾಡಿದ ನನಗೆ ಆಗ ಒಂದು ಮಾತು ಹೊಳೆಯಿತು. ನ್ಯೂಕ್ಲಿಯಸ್ಸಿನ ಡಿಎನ್‌ಎ ತಂದೆ-ತಾಯಿ ಇಬ್ಬರಿಂದಲೂ ಬರುತ್ತದೆ. ಆದರೆ ಮೈಟೊಕಾಂಡ್ರಿಯಾದೊಳಗೆ 37 ಜೀನ್‌ಗಳ ಪುಟ್ಟ ಡಿಎನ್‌ಎ ಬೇರೆಯೇ ಇದೆ. ಅದು ನಮಗೆ ಬರುವುದು ತಾಯಿಯಿಂದ. ತಾಯಿಗೆ ಅವಳ ತಾಯಿಯಿಂದ. ಹೆಸರು ಅಳಿದುಹೋದ ಆ ಅಜ್ಜಿಯದು ನನ್ನ ಜೀವಕೋಶಗಳಲ್ಲಿ ಇಂದಿಗೂ ಇದೆ. ಆದರೆ ಗಂಡುಮಗನಾದ ನಾನು ಅದನ್ನು ನನ್ನ ಮಕ್ಕಳಿಗೆ ದಾಟಿಸಲಾರೆ. ನನ್ನ ತಂಗಿ ದಾಟಿಸಿದ್ದಾಳೆ.

ವಿದ್ಯಾರ್ಥಿಗಳೇ, ಮನೆತನದ ಚರಿತ್ರೆ ಬರೆಯಹೊರಟರೆ ಪಟ್ಟಿ ತೋರಿಸಿ ಹಿರಿಯರನ್ನು ಒಪ್ಪಿಸಲು ಹೋಗಬೇಡಿ. ಮೊದಲು ಅವರನ್ನೇ ಕೇಳಿ. ತಾಯಿಯ ತಾಯಿ ಯಾರು, ಅವಳ ತಾಯಿ ಯಾರು, ಯಾವ ಊರು? ಕೇಳಿದ್ದನ್ನು ಅಂದೇ ಬರೆದಿಡಿ.

ನಮ್ಮ ಮನೆಯಲ್ಲೀಗ ಎರಡನೆಯ ಹಾಳೆಯೊಂದಿದೆ. ತಂಗಿಯ ಮಗಳು ಬರೆದದ್ದು. ಮೇಲ್ತುದಿಯ ಚೌಕ ಖಾಲಿ. ಅದರ ಕೆಳಗೆ ಅವ್ವ ತನ್ನ ಹೆಸರನ್ನು ತಾನೇ ಬರೆದಿದ್ದಾಳೆ.