ಕಾರಿನ ಕಟಕಟ ಸಪ್ಪಳ

ಎತ್ತಿನ ಬಂಡಿಯ ಅಚ್ಚು ಎಣ್ಣೆಯಿಲ್ಲದೆ ಕಿರುಗುಟ್ಟಿದರೆ, ಅದು ಯಾವ ಗಾಲಿಯದೆಂಬುದನ್ನು ಬಂಡಿ ಹೊಡೆಯುವವನು ಕೆಳಗಿಳಿಯದೆಯೇ ಹೇಳಬಲ್ಲನು. ಮೋಟಾರಿನ ಒಡೆಯರಾದ ನಮಗೆ ಆ ಕಿವಿಯಿಲ್ಲ. ನಾವು ರೇಡಿಯೋವನ್ನು ಜೋರು ಮಾಡುವೆವು. ಅದಕ್ಕೂ ಮೀರಿದರೆ ಹಣದ ಚೀಲವನ್ನು ಬಿಚ್ಚುವೆವು. ಕಳೆದ ಬೇಸಗೆಯಲ್ಲಿ ನಾವು ಎರಡನ್ನೂ ಮಾಡಿದೆವು.

ಹುಬ್ಬಳ್ಳಿಯ ಕಡೆಯಿಂದ ಕೊಪ್ಪಳದವರೆಗೆ ಹೆದ್ದಾರಿಯಲ್ಲಿ ತುಟಿಪಿಟಕ್ಕೆನ್ನದೆ ಬಂದ ಕಾರು, ಇರಕಲ್ಲಗಡದ ದಾರಿಗೆ ಹೊರಳಿದೊಡನೆ ಮುಂದಿನ ಎಡಮಗ್ಗುಲಿನಲ್ಲಿ ಕಟಕಟನೆ ಬಡಿಯತೊಡಗಿತು. ಹಿಂದಿನ ತಿಂಗಳೇ ಒಂದು ಕಾರ್ಖಾನೆಯವರು ಮುಂದಿನ ಎರಡೂ ಶಾಕಬ್ಸಾರ್ಬರುಗಳನ್ನು ಬದಲಿಸಿದ್ದರು. ಹಣ ಹೋಗಿತ್ತು, ಸಪ್ಪಳ ಉಳಿದಿತ್ತು. ಹಿಂದಿನ ಆಸನದಲ್ಲಿ ಮಕ್ಕಳಿದ್ದರು.

ಊರಿನಲ್ಲಿ ಟ್ರ್ಯಾಕ್ಟರುಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರು ಹತ್ಯಾರಕ್ಕೆ ಕೈಹಾಕುವ ಮೊದಲು ಕೇಳಿದುದಿಷ್ಟೆ: “ಸಪ್ಳ ಯಾವಾಗ ಬರ್ತೈತ್ರಿ ಸಾಹೇಬ್ರ? ಎಲ್ಲಿ ಅನ್ನೋದು ಆಮ್ಯಾಲ ನೋಡೋಣ್ರಿ.”

ಈ ಪ್ರಶ್ನೆಯಲ್ಲಿಯೇ ಅರ್ಧ ಪರೀಕ್ಷೆಯಿದೆ. ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗು ಮತ್ತು ಶಾಕಬ್ಸಾರ್ಬರುಗಳು ಒಂದೇ ಕಂಬದಲ್ಲಿ ಕೂಡಿರುತ್ತವೆ. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರನ ಹೆಸರನ್ನು ಹೊತ್ತ ಈ ಏರ್ಪಾಡು 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿಗೆ ಬಂದಿತು. 1983ರಲ್ಲಿ ಮಾರುತಿ 800 ಅದನ್ನು ನಮ್ಮ ಮಧ್ಯಮವರ್ಗದ ಮನೆಗಳಿಗೆ ತಂದಿತು. ಕಂಬದ ತುದಿಯು ಕಾರಿನ ಮೈಗೇ ಬಿಗಿದಿರುವುದರಿಂದ, ಕೆಳಗಣ ಕೀಲೊಂದು ಬಡಿದರೂ ಮೇಲೆಯೇ ಬಡಿದಂತೆ ಕೇಳುವುದು. ಶಾಕಬ್ಸಾರ್ಬರಿಗೆ ಸುಳ್ಳು ಅಪವಾದ ಬರುವುದು ಹೀಗೆ.

ನಮ್ಮ ಕಾರು, ಎರಡು ಗಾಲಿಗಳೂ ಒಟ್ಟಿಗೆ ಏರುವ ರಸ್ತೆಯುಬ್ಬಿನ ಮೇಲೆ ಸುಮ್ಮನಿದ್ದು, ಒಂದೇ ಗಾಲಿ ತಗ್ಗಿಗೆ ಬಿದ್ದಾಗ ಮಾತ್ರ ಬಡಿಯುತ್ತಿದ್ದಿತು. ಎಡಬಲಗಳ ಗಾಲಿಗಳ ನಡುವೆ, ಕಾರು ತಿರುವಿನಲ್ಲಿ ವಾಲದಂತೆ ತಡೆಯುವ ಉಕ್ಕಿನ ಸರಳೊಂದಿರುವುದು. ಎರಡೂ ಗಾಲಿಗಳು ಸಮನಾಗಿ ಏರಿದರೆ ಅದು ತಿರುಚಿಕೊಳ್ಳದು; ಒಂದೇ ಏರಿದರೆ ತಿರುಚಿಕೊಂಡು, ತನ್ನ ತುದಿಯ ಲಿಂಕ್ ರಾಡನ್ನು ಜಗ್ಗುವುದು. ಅದರ ಗುಂಡುಕೀಲು ಸವೆದಿದ್ದರೆ ಆಗ ಸಪ್ಪಳ. ಬ್ರೇಕು ಹಾಕಿದಾಗ ಒಮ್ಮೆ, ಹಿಂದಕ್ಕೆ ಚಲಿಸಿದಾಗ ಒಮ್ಮೆ ಧಡ್ಡೆಂದರೆ ಕೆಳತೋಳಿನ ರಬ್ಬರ್ ಬುಷ್ಷನ್ನು ಸಂಶಯಿಸತಕ್ಕದ್ದು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ಟಕಟಕವೆನ್ನುವುದು ಸಾಮಾನ್ಯವಾಗಿ ಆಕ್ಸಲಿನ ಹೊರಗೀಲು. ಇವೆಲ್ಲಕ್ಕೂ ಮೊದಲು ಡಿಕ್ಕಿಯನ್ನು ಬರಿದು ಮಾಡಿ ನೋಡುವುದು ಒಳ್ಳೆಯದು. ಸಡಿಲವಾದ ಜಾಕು ಎಷ್ಟೋ ಮಂದಿಯನ್ನು ಮೋಸಗೊಳಿಸಿದೆ.

ಬಳಿಕ ಅವರು ಸಮನೆಲದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿದರು. (ಜಾಕೊಂದನ್ನೇ ನಂಬಿ ಕಾರಿನಡಿ ಯಾರೂ ನುಸುಳಬಾರದು.) ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು, ಅಲುಗಲಿಲ್ಲ. ಅಲುಗಿದ್ದರೆ, ಮತ್ತೊಬ್ಬರಿಂದ ಬ್ರೇಕನ್ನು ತುಳಿಸಿ ನೋಡಬೇಕು: ಆಗ ಅಲುಗಾಟ ನಿಂತರೆ ಗಾಲಿಯ ಬೇರಿಂಗು, ನಿಲ್ಲದಿದ್ದರೆ ಬಾಲ್ ಜಾಯಿಂಟು. ಅನಂತರ ಎಡಬಲಗಳಲ್ಲಿ ಹಿಡಿದು ಅಲುಗಿಸಿದರು. ಸೂಕ್ಷ್ಮವಾಗಿ ಕಟಕ್ಕೆಂದಿತು. ಅದು ಟೈರಾಡಿನ ತುದಿ! ಅದರ ರಬ್ಬರಿನ ಟೊಪ್ಪಿಗೆ ಹರಿದು, ಗ್ರೀಸು ಸೋರಿ, ಒಳಗೆ ಧೂಳು ಹೊಕ್ಕಿದ್ದಿತು.

ನಾವು ಅಂಜಿದುದು ಆಗ. ಲಿಂಕ್ ರಾಡು ಮುರಿದರೆ ಕಾರು ತಿರುವಿನಲ್ಲಿ ಹೆಚ್ಚು ವಾಲಬಹುದು. ಆದರೆ ಟೈರಾಡಿನ ತುದಿ ಕಳಚಿದರೆ ಆ ಗಾಲಿ ಸ್ಟೇರಿಂಗಿನ ಮಾತು ಕೇಳದು. ಗದ್ದಲವೆಲ್ಲವೂ ಲಿಂಕ್ ರಾಡಿನದಾಗಿದ್ದಿತು. ಅಪಾಯವಿದ್ದುದು ಸದ್ದಿಲ್ಲದ ಕೀಲಿನಲ್ಲಿ.

ಮಕ್ಕಳನ್ನು ಬಸ್ಸಿನಲ್ಲಿ ಕಳುಹಿಸಿದೆವು. ಕೊಪ್ಪಳದಿಂದ ಸಾಮಾನು ತರಿಸಿ, ಎರಡು ದಿನಗಳ ತರುವಾಯ ಎರಡನ್ನೂ ಬದಲಿಸಿಯೇ ಕಾರನ್ನು ಹೊರಡಿಸಿದೆವು. ಟೈರಾಡಿನ ತುದಿ ಬದಲಾದ ಮೇಲೆ ಗಾಲಿಗಳ ನೇರವನ್ನು ಯಂತ್ರದಲ್ಲಿ ಸರಿಪಡಿಸಲೇಬೇಕು, ಇಲ್ಲವಾದರೆ ಹೊಸ ಟೈರುಗಳು ಒಂದೇ ಮಗ್ಗುಲು ಸವೆಯುವುವು. ಆ ಕೆಲಸವನ್ನು ಕೊಪ್ಪಳದಲ್ಲಿ ಮುಗಿಸಿಕೊಂಡೆವು.